ಬೊಬ್ಬೆ ಬೀಬಿಯ ಹಿಂದೆ ಹಾಡಿದವಳು

ಹಾಡಿನ ನಡುವೆ ಒಬ್ಬ ಹೆಂಗಸು ಕಾಣೆಯಾಗಿದ್ದಳು. ಇದನ್ನು ಬೇರೆ ರೀತಿಯಲ್ಲಿ ಹೇಳಲು ನನಗೆ ಬರುವುದಿಲ್ಲ. ಪುತ್ತೂರಿನ ದರ್ಬೆಯಲ್ಲಿರುವ ಮಗಳ ಫ್ಲ್ಯಾಟಿನಲ್ಲಿ ಸಂಜೆಯ ಚಾ ಕುಡಿಯುತ್ತ ಕೂತಿದ್ದೆ. ನನ್ನ ಮಗಳು ಶಾಹಿನಾ ಹೊಸದಾಗಿ ಒಂದು ರೆಕಾರ್ಡ್ ಪ್ಲೇಯರ್ ತಂದಿದ್ದಳು. ಊರಿಗೆ ಊರೇ ಫೋನಿನಲ್ಲಿ ಹಾಡು ಕೇಳುವ ಈ ಕಾಲದಲ್ಲಿ ಊಟದ ತಟ್ಟೆಯಷ್ಟು ಅಗಲದ ಕಪ್ಪು ರೆಕಾರ್ಡುಗಳನ್ನು ಹುಡುಕಿ ತರಿಸುವ ಹುಚ್ಚು ಅವಳಿಗೆ ಎಲ್ಲಿಂದ ಹತ್ತಿತೋ. ಆ ದಿನ ಅವಳು ನನಗಾಗಿಯೇ ತರಿಸಿದ್ದು ಅಮೆರಿಕದ ಒಬ್ಬ ಪ್ರಸಿದ್ಧ ಸೋಲ್ ಗಾಯಕಿಯ ಮೊದಮೊದಲಿನ ಆಲ್ಬಂ. ಹಳೆಯ ಮೂಲ ಟೇಪುಗಳನ್ನು ಶುದ್ಧಮಾಡಿ ಈಗ ಮತ್ತೆ ಹೊರತಂದದ್ದು. ಸೋಲ್ ಅಂದರೆ ಅಲ್ಲಿಯ ಕಪ್ಪು ಜನರು ತಮ್ಮ ಇಗರ್ಜಿಯ ಪ್ರಾರ್ಥನೆಯ ಧಾಟಿಯನ್ನು ಮನೆಯೊಳಗಿನ ಪ್ರೀತಿಗೂ ಜಗಳಕ್ಕೂ ತಂದು ಕಟ್ಟಿದ ಸಂಗೀತ. ಇದೆಲ್ಲ ನನಗೆ ತಿಳಿದದ್ದು ಬಹಳ ತಡವಾಗಿ. ನಾನು ಹುಟ್ಟಿ ಬೆಳೆದ ಮನೆಯಲ್ಲಿ ಆ ಗಾಯಕಿಯ ಹೆಸರನ್ನು ಉಚ್ಚರಿಸಬಲ್ಲವರು ಯಾರೂ ಇರಲಿಲ್ಲ. ನಾವು ಆಕೆಯನ್ನು ಬೊಬ್ಬೆ ಬೀಬಿ ಎಂದು ಕರೆಯುತ್ತಿದ್ದೆವು.

ಮೂರನೆಯ ಹಾಡು ಶುರುವಾದಾಗ ಚಾದ ಲೋಟ ಕೆಳಗಿಟ್ಟೆ. ಆ ಹಾಡು ನನಗೆ ನಮ್ಮ ಅಡುಗೆಮನೆಯಷ್ಟೇ ಪರಿಚಿತ. ಕಣ್ಣು ಮುಚ್ಚಿಕೊಂಡು ಓಡಾಡಬಲ್ಲೆ. ಮೊದಲು ಪಿಯಾನೋ. ಆಮೇಲೆ ಬೊಬ್ಬೆ ಬೀಬಿಯ ಗಂಟಲು. ಎರಡನೆಯ ಚರಣ ಮುಗಿದು ಅವಳು ಉಸಿರೆಳೆದುಕೊಳ್ಳುವ ಹೊತ್ತಿಗೆ ಹಿಂದಿನಿಂದ ಇನ್ನೊಬ್ಬ ಹೆಂಗಸು, ಮಾತಿಲ್ಲದೆ, ಬಾಯಿ ಮುಚ್ಚಿಕೊಂಡೇ ಗುನುಗುತ್ತ ಬರುತ್ತಾಳೆ. ಅವಳ ಜೊತೆಗೆ ಕಿರ್ರ್, ಕಿರ್ರ್ ಎಂದು ನಿಧಾನವಾಗಿ ತಿರುಗುವ ಯಾವುದೋ ವಾದ್ಯ. ಗುನುಗು ಮೇಲೇರುತ್ತ ಹೋಗಿ, ಇನ್ನೇನು ಬಾಯಿ ತೆರೆದು ಹಾಡಿಯೇ ಬಿಡುತ್ತಾಳೆ ಅನ್ನುವಾಗ ‘ಶ್ಶ್’ ಎಂದೊಂದು ಸದ್ದು. ಅಲ್ಲಿಗೆ ಅವಳು ನಿಲ್ಲುತ್ತಾಳೆ, ಬೊಬ್ಬೆ ಬೀಬಿ ಮುಂದುವರಿಯುತ್ತಾಳೆ. ನಾನು ಹಳೆಯ ಅಭ್ಯಾಸದಂತೆ ತುಟಿಯ ಮೇಲೆ ಬೆರಳಿಟ್ಟುಕೊಂಡು ಕಾದೆ. ಎರಡನೆಯ ಚರಣ ಮುಗಿಯಿತು. ಪಿಯಾನೋ ಒಂದೇ ಕೇಳಿಸಿತು. ಗುನುಗು ಇಲ್ಲ, ವಾದ್ಯ ಇಲ್ಲ, ‘ಶ್ಶ್’ ಇಲ್ಲ. ಮೆಟ್ಟಿಲು ಇಳಿಯುವಾಗ ಕೊನೆಯ ಮೆಟ್ಟಿಲು ಕಾಲಿಗೆ ಸಿಗದೆ ಹೋದರೆ ಎದೆ ಝಲ್ಲೆನ್ನುತ್ತದಲ್ಲ, ಹಾಗಾಯಿತು. ಬೆರಳನ್ನು ತುಟಿಯಿಂದ ತೆಗೆಯದೆ ಕೂತಿದ್ದ ನನ್ನನ್ನು ಶಾಹಿನಾ ನೋಡಿದಳು.

“ಎಂತ ಆಯ್ತು ಉಮ್ಮ? ಹಾಡು ಇಷ್ಟ ಆಗ್ಲಿಲ್ವಾ?”

“ಎರಡನೇ ಹೆಂಗಸು ಎಲ್ಲಿ?”

“ಯಾವ ಎರಡನೇ ಹೆಂಗಸು?”

“ಹಿಂದೆ ಗುನುಗುವವಳು. ಚಿಕ್ಕವಳಿರುವಾಗ ನಿನ್ನನ್ನು ಮಲಗಿಸ್ಲಿಕ್ಕೆ ನಾನು ಹಾಡ್ತಿದ್ದೆ ನೋಡು, ಅದು. ಶ್ಶ್ ಅಂತ ಮುಗಿಯುದು.”

“ಅದು ಈ ಹಾಡಿನದ್ದಾ?” ಎಂದಳು ಶಾಹಿನಾ. “ನಾನು ಅದು ನಮ್ಮ ಮನೆಯ ಹಾಡು ಅಂತ ತಿಳ್ಕೊಂಡಿದ್ದೆ.”

ನನಗೆ ಸಿಟ್ಟು ಬಂತು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿದವಳು ನಾನು. ತಪ್ಪು ಯಾರದ್ದೆಂದು ಮೊದಲು ತೀರ್ಮಾನಿಸಿ ಆಮೇಲೆ ವಿಚಾರಣೆ ಮಾಡುವುದು ನನ್ನ ಪದ್ಧತಿ. ಶುದ್ಧಮಾಡುತ್ತೇವೆ ಎಂದು ಹೊರಟ ಕಂಪೆನಿಯವರು ಪಾಪದ ಹೆಂಗಸೊಬ್ಬಳನ್ನೇ ಗುಡಿಸಿ ಹಾಕಿದ್ದಾರೆ ಎಂದು ಕೂಗಾಡಿದೆ. ಶಾಹಿನಾ ಪಾಪ, ಫೋನಿನಲ್ಲಿ ಹುಡುಕಿ ಅದೇ ಹಾಡಿನ ಮೊದಲ ಬಿಡುಗಡೆಯನ್ನು ಹಾಕಿದಳು. ಅದರಲ್ಲೂ ಆ ಹೆಂಗಸು ಇರಲಿಲ್ಲ. ಸಭೆಯಲ್ಲಿ ಹಾಡಿದ್ದನ್ನು ಹಾಕಿದಳು. ಅಲ್ಲಿ ಚಪ್ಪಾಳೆ ಇತ್ತು, ಸೀಟಿ ಇತ್ತು, ಅವಳು ಇರಲಿಲ್ಲ. ಆಲ್ಬಮ್ಮಿನ ಹೊದಿಕೆಯ ಹಿಂದೆ ಡೋಲು ಬಡಿದವನಿಂದ ಹಿಡಿದು ಕಾಫಿ ತಂದುಕೊಟ್ಟವನ ತನಕ ಎಲ್ಲರ ಹೆಸರಿತ್ತು. ಆ ಹಾಡಿಗೆ ಹಿನ್ನೆಲೆಯಲ್ಲಿ ಹಾಡಿದವರು ಯಾರೂ ಇಲ್ಲವೆಂದು ಶಾಹಿನಾ ಓದಿ ಹೇಳಿದಾಗ ನನ್ನ ಸಿಟ್ಟೆಲ್ಲ ಇಳಿದು ಒಂದು ಥರದ ಹೆದರಿಕೆ ಬಂತು. ಹಾಗಾದರೆ ನಾನು ಜೀವಮಾನವಿಡೀ ಕೇಳಿದ್ದು, ಮಗಳನ್ನು ತೊಟ್ಟಿಲಲ್ಲಿ ತೂಗುತ್ತ ಹಾಡಿದ್ದು ಯಾರನ್ನು?

ನಮ್ಮ ಮನೆ ಇದ್ದದ್ದು ಈಗ ಶಾಹಿನಾಳ ಫ್ಲ್ಯಾಟ್ ಇರುವಲ್ಲಿಂದ ಕೂಗಿದರೆ ಕೇಳುವಷ್ಟು ದೂರದಲ್ಲಿ, ಮುಖ್ಯರಸ್ತೆಯ ಅಂಗಡಿಗಳ ಬೆನ್ನಿಗೆ. ಮುಂದೆ ಒಂದು ಚಾವಡಿ, ನಡುವೆ ಕತ್ತಲೆಯ ಕೋಣೆ, ಹಿಂದೆ ಹೊಗೆ ಹಿಡಿದ ಅಡುಗೆಮನೆ. ಚಾವಡಿಯಲ್ಲಿ ಬಾಪನ, ಅಂದರೆ ನನ್ನ ಅಪ್ಪನ ತಾಯಿ, ನಮ್ಮ ಅಜ್ಜಿ, ಮರದ ಮಂಚದ ಮೇಲೆ ಕೂತು ಇಡೀ ಮನೆಯನ್ನು ಕಿವಿಯಿಂದಲೇ ಆಳುತ್ತಿದ್ದರು. ನಡುಕೋಣೆಯಲ್ಲಿ ಗೋದ್ರೇಜು ಕಪಾಟು. ಆ ಕಪಾಟಿನೊಳಗೆ, ನನ್ನ ಉಮ್ಮ ಕೈಯಾರೆ ಹೆಣೆದ ಬಿಳಿ ಲೇಸಿನ ಮುಸುಕು ಹಾಕಿಕೊಂಡು, ಗಲ್ಫಿನಿಂದ ಬಂದ ಟೂ-ಇನ್-ವನ್ ಟೇಪ್ ರೆಕಾರ್ಡರ್ ಮದುಮಗಳ ಹಾಗೆ ಕೂತಿರುತ್ತಿತ್ತು. ಬೀಗದ ಕೈ ಅಜ್ಜಿಯ ಸೊಂಟದಲ್ಲಿ. ಮನೆಯಲ್ಲಿ ನಾವು ಆಡುತ್ತಿದ್ದದ್ದು ಬ್ಯಾರಿ ಭಾಷೆ. ಆ ಮಾತುಗಳನ್ನು ಇಲ್ಲಿ ನಮ್ಮೂರ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಬಾಪ ಗಲ್ಫಿನಲ್ಲಿ ವಿದೇಶಿ ಕುಟುಂಬವೊಂದರ ಕಾರು ಓಡಿಸುತ್ತಿದ್ದರು. ಅವರು ಕಾಗದ ಬರೆಯುತ್ತಿರಲಿಲ್ಲ, ಕ್ಯಾಸೆಟ್ಟಿನಲ್ಲಿ ಮಾತಾಡಿ ಕಳಿಸುತ್ತಿದ್ದರು. ಆಗ ಗಲ್ಫ್ ಮನೆಗಳಲ್ಲೆಲ್ಲ ಇದೇ ಕ್ರಮ. ರಜೆಗೆ ಬರುವ ಯಾರಾದರೂ ಹಾಲಿನ ಪುಡಿಯ ಡಬ್ಬಿ, ಸೆಂಟು, ಬಾದಾಮಿಯ ಜೊತೆಗೆ ಒಂದು ಕ್ಯಾಸೆಟ್ ತಂದುಕೊಡುತ್ತಿದ್ದರು. ಅದನ್ನು ಕೇಳಿ, ಅದರ ಮೇಲೆಯೇ ನಮ್ಮ ಉತ್ತರವನ್ನು ಮಾತಾಡಿ, ಹೋಗುವವರ ಕೈಯಲ್ಲಿ ವಾಪಸ್ ಕಳಿಸುವುದು. ಬಾಪನಿಗೆ ಕ್ಯಾಸೆಟ್ಟಿಗೆ ಬರ ಇರಲಿಲ್ಲ. ಆ ವಿದೇಶಿ ಕುಟುಂಬ ಊರು ಬಿಟ್ಟು ಹೋಗುವಾಗ ಒಂದು ರಟ್ಟಿನ ಪೆಟ್ಟಿಗೆ ತುಂಬ ಹಾಡಿನ ಕ್ಯಾಸೆಟ್ಟುಗಳನ್ನು ಕೊಟ್ಟು ಹೋಗಿತ್ತು. ಅದೆಲ್ಲ ಬೊಬ್ಬೆ ಬೀಬಿಯದ್ದೇ. ಕಂಪೆನಿ ಕ್ಯಾಸೆಟ್ಟುಗಳ ಮೇಲ್ತುದಿಯಲ್ಲಿ ಎರಡು ಸಣ್ಣ ತೂತುಗಳಿರುತ್ತವೆ, ಮೇಲೆ ಯಾರೂ ಅಳಿಸಿ ಬರೆಯಬಾರದೆಂದು. ಆ ತೂತಿಗೆ ಕಾಗದ ತುರುಕಿದರೆ ಮುಗಿಯಿತು, ಏನು ಬೇಕಾದರೂ ಮಾತಾಡಬಹುದು. ಬಾಪನಿಗೆ ಹಾಡಿನ ಗೊಡವೆ ಇರಲಿಲ್ಲ. ಒಳ್ಳೆಯ ದಪ್ಪ ಟೇಪು, ಮಾತು ಸ್ಪಷ್ಟ ಬರುತ್ತದೆ, ಅಷ್ಟೇ ಅವರ ಲೆಕ್ಕ.

ಶುಕ್ರವಾರ ಮಧ್ಯಾಹ್ನ ಜುಮಾ ನಮಾಜು ಮುಗಿದು, ತುಪ್ಪದನ್ನದ ಊಟ ಆದ ಮೇಲೆ ಕ್ಯಾಸೆಟ್ ಕೇಳುವ ಕಾರ್ಯಕ್ರಮ. ಅಜ್ಜಿ ತಲೆಯ ಮೇಲಿನ ಬಟ್ಟೆ ಸರಿಮಾಡಿಕೊಳ್ಳುತ್ತಿದ್ದರು, ಮಗ ಟೇಪಿನೊಳಗಿಂದ ನೋಡುತ್ತಾನೋ ಎಂಬಂತೆ. ಬಾಪ ಎಲ್ಲರಿಗೂ ವಯಸ್ಸಿನ ಕ್ರಮದಲ್ಲಿ ಸಲಾಂ ಹೇಳುತ್ತಿದ್ದರು. ಮೊದಲು ಅಜ್ಜಿಗೆ, ಆಮೇಲೆ ನೆರೆಕರೆಯವರಿಗೆ, ಆಮೇಲೆ ನನಗೆ. ಉಮ್ಮನ ಹೆಸರು ಬರುತ್ತಿರಲಿಲ್ಲ. ‘ಸಫಿಯಾಳ ಉಮ್ಮನಿಗೂ ಸಲಾಂ’ ಎಂದು ನನ್ನ ಹೆಸರು ಹಿಡಿದು ಕೊನೆಗೆ ಸೇರಿಸಿದರೆ ಉಂಟು. ಮಾತು ಮುಗಿದು ಟಕ್ಕೆಂದು ಬಾಪ ಗುಂಡಿ ಒತ್ತಿದ ಸದ್ದು ಕೇಳಿಸಿದ್ದೇ ತಡ, ಅವರು ಅಳಿಸದೆ ಬಿಟ್ಟ ಭಾಗದಿಂದ ಬೊಬ್ಬೆ ಬೀಬಿ ನುಗ್ಗಿ ಬರುತ್ತಿದ್ದಳು. ಹಾಡಿನ ಆರಂಭ ಇಲ್ಲ, ಪಿಯಾನೋ ಇಲ್ಲ, ಯಾವುದೋ ಶಬ್ದದ ಅರ್ಧದಿಂದ ಗಂಟಲು ಬಿರಿಯುವ ಹಾಗೆ. ಪ್ರತಿ ಸಲ ನಾವು ಹೌಹಾರಿ ಬೀಳುತ್ತಿದ್ದೆವು. ಮೊದಲ ಸಲ ಕೇಳಿದಾಗ ಅಜ್ಜಿ ಮಂಚದಿಂದ ಎದ್ದು ನಿಂತೇಬಿಟ್ಟಿದ್ದರಂತೆ.

“ಅಲ್ಲಾಹ್! ಯಾರು ತೀರಿಹೋದದ್ದು?”

ಯಾರೂ ಇಲ್ಲ, ಅದು ಹಾಡು ಎಂದು ಉಮ್ಮ ಒಳಗಿನಿಂದ ಮೆಲ್ಲಗೆ ಹೇಳಿದರು.

“ಯಾರೂ ಸಾಯದೆ ಹೀಗೆ ಬೊಬ್ಬೆ ಹಾಕುದಾ? ಸುಳ್ಳು ಹೇಳ್ಬೇಡ. ಗಂಡ ಸತ್ತಿರ್ಬೇಕು ಇವಳದ್ದು.”

ಅಜ್ಜಿಯ ಈ ತೀರ್ಮಾನವನ್ನು ಬದಲಿಸಲು ಯಾರಿಂದಲೂ ಆಗಲಿಲ್ಲ. ಬೊಬ್ಬೆ ಬೀಬಿಯ ಗಂಡ ಸತ್ತಿದ್ದಾನೆ, ಅವನ ಸುದ್ದಿ ಅವಳಿಗೆ ದೂರದೇಶದಿಂದ ತಡವಾಗಿ ಬಂದಿದೆ, ಅದಕ್ಕೆ ಇಷ್ಟು ಅಳು. ಹಾಡು ಮುಗಿದ ಮೇಲೆ ಅಜ್ಜಿ ಎರಡು ಕೈ ಎತ್ತಿ ಆ ಗಂಡನಿಗಾಗಿ ಒಂದು ಫಾತಿಹಾ ಓದಿ, ಮುಖ ಸವರಿಕೊಂಡು, ನಮಗೂ ಆಮೀನ್ ಹೇಳಿಸುತ್ತಿದ್ದರು. ಅಮೆರಿಕದ ಯಾವುದೋ ಸ್ಟುಡಿಯೋದಲ್ಲಿ ಹಾಡಿದ ಹೆಂಗಸಿನ ಬದುಕಿರುವ ಗಂಡನಿಗೆ ಪುತ್ತೂರಿನಲ್ಲಿ ಪ್ರತಿ ಕ್ಯಾಸೆಟ್ಟಿಗೆ ಒಂದು ಫಾತಿಹಾ ಸಂದಾಯವಾಗುತ್ತಿತ್ತು. ಆ ಹಾಡಿನ ಅರ್ಥ ನನಗೆ ತಿಳಿದದ್ದು ಕಾಲೇಜಿನಲ್ಲಿ ಇಂಗ್ಲಿಷ್ ತಲೆಗೆ ಹತ್ತಿದ ಮೇಲೆ. ಅದು ಅಳುವಲ್ಲ. ಗಂಡನನ್ನು ಮನೆಗೆ ಬಾ ಎನ್ನುವ ಹಾಡು, ಬೇಡಿಕೊಳ್ಳುವುದಲ್ಲ, ಗದರಿಸುವುದು. ಬರುತ್ತೀಯೋ ಇಲ್ಲವೋ, ಇವತ್ತೇ ಹೇಳು ಎನ್ನುವ ಗದರಿಕೆ. ತಿಳಿದಾಗ ಹಾಸ್ಟೆಲಿನ ಹಾಸಿಗೆಯ ಮೇಲೆ ದಂಗಾಗಿ ಕೂತಿದ್ದೆ. ಹೆಂಗಸೊಬ್ಬಳು ಗಂಡನಿಗೆ ಅಷ್ಟು ದೊಡ್ಡ ಸ್ವರದಲ್ಲಿ ಮಾತಾಡಿದ್ದನ್ನು ನಮ್ಮ ಮನೆಯಲ್ಲಿ ನಾನು ಕೇಳಿರಲಿಲ್ಲ.

ಉಮ್ಮನ ಸ್ವರ ಚಾವಡಿ ದಾಟಬಾರದು ಎಂಬುದು ನಮ್ಮ ಮನೆಯ ಕಾನೂನು. ಉಮ್ಮ, ನಫೀಸಾ ಅಂತ ಹೆಸರು, ಪಾತ್ರೆ ತೊಳೆಯುವಾಗಲೂ ಸದ್ದು ಮಾಡದ ಹೆಂಗಸು. ಉತ್ತರದ ಕ್ಯಾಸೆಟ್ ಮಾತಾಡುವ ದಿನ ಎಲ್ಲರೂ ಟೇಪಿನ ಸುತ್ತ ಕೂತು ಸರದಿಯಂತೆ ಮಾತಾಡಬೇಕು. ಅಜ್ಜಿ ಮಂಡಿನೋವಿನಿಂದ ಹಿಡಿದು ನೆರೆಮನೆಯ ಮದುವೆಯ ತನಕ ಎಲ್ಲ ಹೇಳಿ, ಮಗನಿಗೆ ಬೈದು, ಅತ್ತು, ಮುತ್ತು ಕೊಟ್ಟು ಮುಗಿಸುತ್ತಿದ್ದರು. ನಾನು ಶಾಲೆಯ ಪದ್ಯ ಹೇಳುತ್ತಿದ್ದೆ. ಕೊನೆಗೆ ಉಮ್ಮನ ಸರದಿ. ಅಜ್ಜಿ ಎದುರಲ್ಲೇ ಕೂತಿರುತ್ತಿದ್ದರು. ಅತ್ತ ಗಲ್ಫಿನಲ್ಲಿ ಬಾಪನ ಕೋಣೆಯಲ್ಲಿ ಊರಿನ ಗಂಡಸರೆಲ್ಲ ಕೂತು ಕೇಳುತ್ತಾರೆಂದು ಎಲ್ಲರಿಗೂ ಗೊತ್ತು. ಉಮ್ಮ ಸೆರಗನ್ನು ಬಾಯಿಗೆ ಅಡ್ಡ ಹಿಡಿದು, “ಇಲ್ಲಿ ಎಲ್ಲ ಸುಖ. ಮಕ್ಕಳು ಚೆನ್ನಾಗಿದ್ದಾರೆ. ನಿಮ್ಮ ಆರೋಗ್ಯ ನೋಡ್ಕೊಳ್ಳಿ” ಎಂದಷ್ಟೇ ಹೇಳಿ ಅಡುಗೆಮನೆಗೆ ಓಡುತ್ತಿದ್ದರು. ಆ ಮೂರು ಮಾತಿಗಾಗಿ ಬೆಳಗ್ಗಿನಿಂದ ಅವರ ಕೈಕಾಲು ತಣ್ಣಗಾಗಿರುತ್ತಿತ್ತು.

ಮನೆಯಲ್ಲಿ ಪೂರ್ತಿ ಹಾಡು ಇದ್ದದ್ದು ಒಂದೇ ಕ್ಯಾಸೆಟ್ಟಿನಲ್ಲಿ. ನನ್ನ ತಮ್ಮ ಹಮೀದನ ಹೆರಿಗೆಗೆಂದು ತವರಿಗೆ, ಕಡಬದ ಹತ್ತಿರದ ಕೋಡಿಂಬಾಳಕ್ಕೆ ಹೋಗಿದ್ದ ಉಮ್ಮ, ವಾಪಸ್ ಬರುವಾಗ ಕೂಸಿನ ಬಟ್ಟೆಯ ಗಂಟಿನಲ್ಲಿ ಅದನ್ನೂ ತಂದಿದ್ದರು. ಹಳದಿ ಬಣ್ಣದ್ದು, ಮೇಲೆ ಏನೂ ಬರೆದಿರಲಿಲ್ಲ. ಬೊಬ್ಬೆ ಬೀಬಿಯ ಆಲ್ಬಮ್ಮಿನ ಒಂದು ಮಗ್ಗುಲು ಅದರಲ್ಲಿತ್ತು. ಅಜ್ಜಿ ಮಧ್ಯಾಹ್ನ ನಿದ್ದೆಹೋದಾಗ ಸೊಂಟದಿಂದ ಬೀಗದ ಕೈ ಜಾರಿಸಿ ತರುವುದು ನನ್ನ ಕೆಲಸ. ಸ್ವರ ಸಣ್ಣದಾಗಿ ಇಟ್ಟು ನಾನು, ಆಮೇಲೆ ದೊಡ್ಡವನಾದ ಹಾಗೆ ಹಮೀದ, ಇಬ್ಬರೂ ಕಪಾಟಿನ ಬಾಗಿಲ ಬುಡದಲ್ಲಿ ಕೂತು ಕೇಳುತ್ತಿದ್ದೆವು. ನಮಗೆ ಬೊಬ್ಬೆ ಬೀಬಿಗಿಂತ ಅವಳ ಹಿಂದಿನವಳೇ ಇಷ್ಟ. ಬೊಬ್ಬೆ ಬೀಬಿಯನ್ನು ಅನುಕರಿಸಲು ನಮ್ಮ ಗಂಟಲು ಸಾಲದು, ಶಬ್ದ ಗೊತ್ತಿಲ್ಲ. ಗುನುಗುವುದಾದರೆ ಯಾರಿಗೂ ಬರುತ್ತದೆ. ಆ ವಾದ್ಯದ ಕಿರ್ರ್ ಕಿರ್ರ್ ಅನ್ನು ಹಮೀದ ಹಲ್ಲಿನ ನಡುವಿನಿಂದ ಹೊರಡಿಸುತ್ತಿದ್ದ. ಕೊನೆಯ ‘ಶ್ಶ್’ ಬಂದಾಗ ಇಬ್ಬರೂ ತುಟಿಯ ಮೇಲೆ ಬೆರಳಿಟ್ಟು ಜೋರಾಗಿ ‘ಶ್ಶ್’ ಅನ್ನಬೇಕು, ಯಾರು ಮೊದಲು ಅನ್ನುತ್ತಾರೋ ಅವರು ಗೆದ್ದ ಹಾಗೆ. ಆಗ ಅಡುಗೆಮನೆಯಿಂದ ಉಮ್ಮ ನಗುವುದು ಕೇಳಿಸುತ್ತಿತ್ತು. ನಾವು ನಮ್ಮ ಆಟಕ್ಕೆ ನಗುತ್ತಿದ್ದಾರೆಂದು ತಿಳಿದುಕೊಂಡಿದ್ದೆವು.

ಆ ಕ್ಯಾಸೆಟ್ಟಿಗಾಗಿ ನಡೆದ ಜಗಳವೊಂದು ಕಣ್ಣಿಗೆ ಕಟ್ಟಿದ ಹಾಗಿದೆ. ಉಮ್ಮ ಬಾಪನ ಎದುರು ನಿಂತು ಮಾತಾಡಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ಬಾಪ ರಜೆಗೆ ಬಂದಿದ್ದರು. ಹೊರಡುವ ಮುಂಚೆ ಅಜ್ಜಿಯ ಮಾತುಗಳನ್ನು ಜೊತೆಗೆ ಒಯ್ಯಬೇಕೆಂದು ಕ್ಯಾಸೆಟ್ ಹುಡುಕುವಾಗ ಹಳದಿಯದ್ದು ಕೈಗೆ ಸಿಕ್ಕಿತು. ಯಾರೂ ಅಳಿಸದಿರಲೆಂದು ಉಮ್ಮ ಅದರ ತೂತುಗಳ ಪ್ಲಾಸ್ಟಿಕ್ ಮುಚ್ಚಳಗಳನ್ನು ಮೊದಲೇ ಚೂರಿಯ ತುದಿಯಿಂದ ಮುರಿದು ತೆಗೆದಿದ್ದರು. ಬಾಪ ಎಂದಿನಂತೆ ಕಾಗದ ಉಂಡೆ ಮಾಡಿ ತುರುಕಲು ಶುರುಮಾಡಿದರು. ಉಮ್ಮ ಅಡುಗೆಮನೆಯಿಂದ ಹಿಟ್ಟಿನ ಕೈಯಲ್ಲೇ ಬಂದು ಕ್ಯಾಸೆಟ್ಟನ್ನು ಅವರ ಕೈಯಿಂದ ಕಿತ್ತುಕೊಂಡರು. ಪುಂಡಿ ಕಡುಬು ಕಟ್ಟುತ್ತಿದ್ದ ಅಕ್ಕಿಹಿಟ್ಟು ಬಾಪನ ಬಿಳಿ ಅಂಗಿಗೆಲ್ಲ ಮೆತ್ತಿಕೊಂಡಿತು.

“ಅದೊಂದನ್ನು ಮುಟ್ಬೇಡಿ.”

“ಒಂದು ಹಾಡಿನ ಕ್ಯಾಸೆಟ್ಟಿಗೆ ಇಷ್ಟು ಹಟ ಎಂತಕ್ಕೆ ಮಾರಾಯ್ತಿ? ಅಲ್ಲಿ ಇಂಥದ್ದು ಪೆಟ್ಟಿಗೆಗಟ್ಟಲೆ ಉಂಟು.”

“ಉಂಟಲ್ವಾ? ಹಾಗಾದ್ರೆ ಅದ್ರಲ್ಲಿ ಮಾತಾಡಿ. ಇದು ನಂದು.”

ಚಾವಡಿಯಲ್ಲಿ ಅಜ್ಜಿ ತಸ್ಬಿಯ ಮಣಿ ಎಣಿಸುವುದು ನಿಂತಿತು. ‘ನಂದು’ ಎಂಬ ಮಾತು ಆ ಮನೆಯಲ್ಲಿ ಉಮ್ಮನ ಬಾಯಿಂದ ಬಂದದ್ದು ಎಲ್ಲರಿಗೂ ಆಘಾತ, ಬಹುಶಃ ಉಮ್ಮನಿಗೂ. ಬಾಪ ಅಂಗಿ ಬದಲಿಸಿಕೊಂಡು ಪೇಟೆಗೆ ಹೋದರು. ಆ ದಿನದ ಪುಂಡಿ, ಬಂಗುಡೆ ಗಸಿ ಯಾರಿಗೂ ರುಚಿಸಲಿಲ್ಲ.

ನಾನು ಏಳನೆಯ ಕ್ಲಾಸಿನಲ್ಲಿದ್ದಾಗ ಉಮ್ಮ ಜ್ವರವೆಂದು ಮಲಗಿದವರು ಮತ್ತೆ ಏಳಲಿಲ್ಲ. ಬಾಪ ಬಂದು ಮುಟ್ಟುವಷ್ಟರಲ್ಲಿ ದಫನ ಆಗಿತ್ತು. ಆಮೇಲೆ ಅವರು ಗಲ್ಫಿಗೆ ಹೋಗಲಿಲ್ಲ, ದರ್ಬೆಯಲ್ಲಿ ಚಪ್ಪಲಿಯ ಅಂಗಡಿ ಹಾಕಿದರು. ನನಗೆ ಉಮ್ಮನ ಮುಖ ನೆನಪಿತ್ತು. ಸ್ವರ ಮಾತ್ರ ದಿನದಿಂದ ದಿನಕ್ಕೆ ಜಾರಿ ಹೋಗುತ್ತಿತ್ತು. ಮೆಲ್ಲಗೆ ಮಾತಾಡುವವರ ಸ್ವರ ಬೇಗ ಮರೆತುಹೋಗುತ್ತದೆ, ಹಿಡಿದುಕೊಳ್ಳಲು ಏನೂ ಸಿಗುವುದಿಲ್ಲ. ಒಂದು ದಿನ ಹಠಾತ್ತನೆ ಹೊಳೆಯಿತು: ಅಷ್ಟು ವರ್ಷ ಉಮ್ಮ ಕ್ಯಾಸೆಟ್ಟಿನಲ್ಲಿ ಮಾತಾಡಿ ಕಳಿಸಿದ್ದಾರಲ್ಲ! ಅಂಗಡಿಗೆ ಓಡಿಹೋಗಿ, ಗಿರಾಕಿಯ ಕಾಲಿಗೆ ಚಪ್ಪಲಿ ತೊಡಿಸುತ್ತಿದ್ದ ಬಾಪನನ್ನು ಕೇಳಿದೆ.

“ಬಾಪ, ಉಮ್ಮ ಮಾತಾಡಿದ ಕ್ಯಾಸೆಟ್ಟುಗಳು ಎಲ್ಲಿ ಉಂಟು?”

ಅವರು ನನ್ನನ್ನು ನೋಡಿದರು. ಕೈಯಲ್ಲಿದ್ದ ಚಪ್ಪಲಿ ಹಾಗೇ ನಿಂತಿತು.

“ಅದ್ರ ಮೇಲೆಯೇ ನಾನು ಮಾತಾಡಿ ಕಳಿಸ್ತಿದ್ದದ್ದಲ್ವಾ ಮಗಾ.”

ಅದು ನಮ್ಮೆಲ್ಲರ ಕ್ರಮವೇ ಆಗಿತ್ತು, ಅದರಲ್ಲಿ ಯಾರ ತಪ್ಪೂ ಇಲ್ಲ ಎಂದು ಈಗ ಹೇಳಬಲ್ಲೆ. ಆಗ ಹಾಗನಿಸಲಿಲ್ಲ. ಮನೆಗೆ ಬಂದು ಇದ್ದ ಕ್ಯಾಸೆಟ್ಟುಗಳನ್ನೆಲ್ಲ ಹಾಕಿ ಕೇಳಿದೆ. ಎಲ್ಲದರಲ್ಲೂ ಬಾಪ ಸಲಾಂ ಹೇಳುತ್ತಿದ್ದರು, ಬಾಪ ಕೆಮ್ಮುತ್ತಿದ್ದರು, ಬಾಪ ಹವೆಯ ಬಗ್ಗೆ ಹೇಳುತ್ತಿದ್ದರು, ಆಮೇಲೆ ಬೊಬ್ಬೆ ಬೀಬಿ. ಉಮ್ಮ ಎಲ್ಲಿಯೂ ಇರಲಿಲ್ಲ. ‘ಇಲ್ಲಿ ಎಲ್ಲ ಸುಖ’ ಎಂಬ ಮಾತು ಕೂಡ ಉಳಿದಿರಲಿಲ್ಲ. ಆವತ್ತಿನಿಂದ ನಾನು ಗಟ್ಟಿಯಾಗಿ ಮಾತಾಡುವವಳಾದೆ. ಕ್ಲಾಸಿನಲ್ಲಿ ನನ್ನ ಸ್ವರ ಮೂರು ಕೋಣೆ ದಾಟಿ ಕೇಳಿಸುತ್ತದೆ ಎಂದು ಸಹೋದ್ಯೋಗಿಗಳು ತಮಾಷೆ ಮಾಡುತ್ತಿದ್ದರು. ಕೇಳಿಸಲಿ ಎಂದೇ ಮಾತಾಡುತ್ತಿದ್ದೆ.

ಬಾಪ, ಅಜ್ಜಿ ಯಾರೂ ಈಗಿಲ್ಲ. ಮನೆ ಇದ್ದ ಜಾಗದಲ್ಲಿ ಮೂರಂತಸ್ತಿನ ಕಟ್ಟಡ ಎದ್ದಿದೆ. ಟೇಪ್ ರೆಕಾರ್ಡರ್ ಮತ್ತು ಕ್ಯಾಸೆಟ್ಟುಗಳನ್ನು ಹಮೀದ ಸುಳ್ಯದ ಆಲೆಟ್ಟಿಯ ತನ್ನ ಮನೆಗೆ ಒಯ್ದಿದ್ದ. ರೆಕಾರ್ಡಿನಲ್ಲಿ ಹೆಂಗಸು ಕಾಣೆಯಾದ ಮರುದಿನವೇ ಅವನಿಗೆ ಫೋನ್ ಮಾಡಿದೆ.

“ಎರಡನೆಯವಳು ಇಲ್ವಾ? ಎಂತ ಹೇಳುದು ಅಕ್ಕ? ಅವಳಿಲ್ಲದಿದ್ರೆ ಅದು ಹಾಡೇ ಅಲ್ಲ” ಎಂದು ಅವನೂ ರೇಗಿದ. ನನಗೆ ಹುಚ್ಚು ಹಿಡಿದಿಲ್ಲ ಎಂದು ಸ್ವಲ್ಪ ಧೈರ್ಯ ಬಂತು.

ಶಾಹಿನಾ ಕಾರಿನಲ್ಲಿ ನನ್ನನ್ನು ಆಲೆಟ್ಟಿಗೆ ಕರೆದೊಯ್ದಳು. ಹಮೀದ ಹಳದಿ ಕ್ಯಾಸೆಟ್ಟಿಗೆ ಪೆನ್ಸಿಲ್ ತುರುಕಿ, ಸಡಿಲಾದ ಟೇಪನ್ನು ಸುತ್ತುತ್ತ ಕೂತಿದ್ದ. ಎಲ್ಲಿ ತುಂಡಾಗುತ್ತದೋ ಎಂದು ನನ್ನ ಜೀವ ಕೈಯಲ್ಲಿತ್ತು. ಗುಂಡಿ ಒತ್ತಿದ. ಗರಗರ ಸದ್ದಿನ ನಡುವಿನಿಂದ ಪಿಯಾನೋ, ಬೊಬ್ಬೆ ಬೀಬಿ, ಎರಡನೆಯ ಚರಣ. ಕಿರ್ರ್, ಕಿರ್ರ್. ಮತ್ತೆ ಅವಳು. ಹೌದು, ಅವಳು ಅಲ್ಲೇ ಇದ್ದಳು, ಒಂದು ಚೂರೂ ಬದಲಾಗದೆ. ನಾನೂ ಹಮೀದನೂ ಒಟ್ಟಿಗೆ ‘ಶ್ಶ್’ ಎಂದೆವು. ಅರುವತ್ತು ದಾಟಿದ ಹೆಂಗಸು, ಬೊಕ್ಕತಲೆಯ ಗಂಡಸು, ತುಟಿಯ ಮೇಲೆ ಬೆರಳು. ಶಾಹಿನಾ ಮಾತ್ರ ನಗಲಿಲ್ಲ.

“ಇದು ಕಂಪೆನಿ ಕ್ಯಾಸೆಟ್ ಅಲ್ಲ ಉಮ್ಮ,” ಎಂದಳು. “ಯಾರೋ ಮನೆಯಲ್ಲಿ ಕಾಪಿ ಮಾಡಿದ್ದು. ಇದನ್ನು ಕಾಪಿ ಮಾಡಿದ್ದೆಲ್ಲಿ?”

ಇಷ್ಟು ವರ್ಷ ಈ ಪ್ರಶ್ನೆ ನಮ್ಮ ತಲೆಗೆ ಬಂದೇ ಇರಲಿಲ್ಲ.

ಕ್ಯಾಸೆಟ್ ಬಂದದ್ದು ಉಮ್ಮನ ತವರಿನಿಂದಲ್ಲವೇ ಎಂದು ಅಲ್ಲಿಂದಲೇ ಕಾರಿನಲ್ಲಿ ಕೋಡಿಂಬಾಳಕ್ಕೆ ಹೊರಟೆವು. ಟೇಪ್ ರೆಕಾರ್ಡರನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದೆ. ಒಳಗೊಳಗೇ ಒಂದು ಊಹೆ ಏಳುತ್ತಿತ್ತು, ಅದನ್ನು ಒತ್ತಿ ಕೂರಿಸುತ್ತಿದ್ದೆ. ಸುಳ್ಳಾದರೆ ತಡೆದುಕೊಳ್ಳುವ ಶಕ್ತಿ ನನಗಿರಲಿಲ್ಲ. ನಿಜವಾದರೂ ಇರಲಿಲ್ಲ. ಉಮ್ಮನ ತಂಗಿ ಮರಿಯಮ್ಮ ಚಿಕ್ಕಮ್ಮ ಈಗಲೂ ಅದೇ ಮನೆಯಲ್ಲಿ, ಮಗ-ಸೊಸೆಯ ಜೊತೆ ಇದ್ದಾರೆ. ಕಣ್ಣು ಮಂಜಾಗಿದೆ, ಕಿವಿ ಚುರುಕು. ನಮ್ಮ ಕೈಹಿಡಿದು ಸವರಿ, ಚಾ ಮಾಡಲು ಹೇಳಿ, ಟೇಪ್ ರೆಕಾರ್ಡರ್ ಮುಟ್ಟಿ ನೋಡಿ ನಕ್ಕರು. ನಾನು ಏನೂ ವಿವರಿಸದೆ ಗುಂಡಿ ಒತ್ತಿದೆ.

ಎರಡನೆಯ ಚರಣ ಮುಗಿದು ಕಿರ್ರ್ ಎಂಬ ಸದ್ದು ಬಂತೋ ಇಲ್ಲವೋ, ಚಿಕ್ಕಮ್ಮ ಸೆಟೆದು ಕೂತರು.

“ಅರೆ, ಇದು ನಮ್ಮ ರಬ್ಬರ್ ಶೀಟ್ ಒತ್ತುವ ಮೆಷಿನ್ ಅಲ್ವಾ! ನನ್ನವರು ತಿರುಗಿಸುದು. ನಿಲ್ಸಿ ಅಂದ್ರೆ ನಿಲ್ಸಿದ ಜನ ಅಲ್ಲ.”

ಆಮೇಲೆ ಗುನುಗು ಶುರುವಾಯಿತು. ಚಿಕ್ಕಮ್ಮನ ಬಾಯಿ ತೆರೆದದ್ದು ತೆರೆದೇ ಇತ್ತು. ಅದು ಮೇಲೇರಿ, ‘ಶ್ಶ್’ ಬಂದು, ನಿಂತಿತು. ಹಮೀದ ಟೇಪ್ ನಿಲ್ಲಿಸಿದ.

“ಚಿಕ್ಕಮ್ಮ,” ಎಂದೆ. ಮೂರು ಕೋಣೆ ದಾಟುವ ನನ್ನ ಸ್ವರ ಹೊರಗೇ ಬರಲಿಲ್ಲ. “ಇದು ಯಾರು?”

“ಯಾರು ಅಂತ ನನ್ನ ಹತ್ರ ಕೇಳುದಾ ನೀನು?” ಅವರಿಗೆ ಸಿಟ್ಟೇ ಬಂದಿತ್ತು. “ಹೆತ್ತ ಉಮ್ಮನ ಸ್ವರ ಗೊತ್ತಾಗುದಿಲ್ವಾ? ನಫೀಸನೇ ಅಲ್ವಾ ಅದು! ಕಾಪಿ ಆಗುವಾಗ ಬಾಯಿ ಮುಚ್ಕೊಂಡು ಕೂತ್ಕೋ ಅಂತ ಎಷ್ಟು ಸಲ ಹೇಳಿದ್ದು ಇವಳಿಗೆ!”

ನಾನು ಆಘಾತ ಎಂಬ ಶಬ್ದವನ್ನು ಮಕ್ಕಳಿಗೆ ವಾಕ್ಯದಲ್ಲಿ ಬಳಸಲು ಹೇಳಿಕೊಟ್ಟಿದ್ದೇನೆ. ಅದರ ಅರ್ಥ ತಿಳಿದದ್ದು ಆಗ. ಹಮೀದ ನೆಲದ ಮೇಲೆ ಕುಸಿದು ಕೂತು ಗೋಡೆಗೆ ತಲೆ ಆನಿಸಿದ. ಉಮ್ಮ ಹೋದಾಗ ಅವನು ಸಣ್ಣವನು, ಅವನಿಗೆ ಯಾವ ಸ್ವರವೂ ನೆನಪಿರಲಿಲ್ಲ. ತನ್ನ ನೆನಪಿನಲ್ಲಿ ಇಲ್ಲವೆಂದು ಜೀವಮಾನವಿಡೀ ಕೊರಗಿದ ಸ್ವರಕ್ಕೆ ಅವನು ಹಲ್ಲಿನ ನಡುವಿನಿಂದ ತಾಳ ಹಾಕುತ್ತಿದ್ದ. ನಾನು ಹುಡುಕಿ ಹುಡುಕಿ ಅತ್ತದ್ದು ಆ ಹಳದಿ ಕ್ಯಾಸೆಟ್ಟಿನ ಪಕ್ಕದಲ್ಲೇ ಕೂತು. ಉಮ್ಮ ಹಾಡಬಲ್ಲರು ಎಂದು ನನಗೆ ಗೊತ್ತಿದ್ದರಲ್ಲವೇ ಗುರುತಿಸುವುದು? ಆ ಮನೆಯಲ್ಲಿ ಅವರು ಹಾಡಿರಲಿಲ್ಲ.

ಚಿಕ್ಕಮ್ಮ ತಡವರಿಸುತ್ತ ಹೇಳಿದರು. ಬಾಪ ಒಂದು ಮಗ್ಗುಲಲ್ಲಷ್ಟೇ ಮಾತಾಡಿ, ಇನ್ನೊಂದರಲ್ಲಿ ಹಾಡು ಪೂರ್ತಿ ಉಳಿದಿದ್ದ ಕ್ಯಾಸೆಟ್ ಒಂದು ವಾಪಸ್ ಹೋಗಬೇಕಿತ್ತು. ಹೋದರೆ ಅದರ ಮೇಲೆ ಮಾತು ಬಂದು ಆ ಹಾಡು ಹೋಗುತ್ತದೆಂದು ಉಮ್ಮನಿಗೆ ಸಂಕಟ. ತವರಲ್ಲಿದ್ದ ಒಂದರ ಜೊತೆಗೆ ನೆರೆಮನೆಯಿಂದ ಇನ್ನೊಂದು ಟೇಪ್ ರೆಕಾರ್ಡರ್ ತಂದು, ಹಾಸಿಗೆಯ ಮೇಲೆ ಎರಡನ್ನೂ ಎದುರುಬದುರು ಇಟ್ಟು, ಒಂದರಲ್ಲಿ ಹಾಡು ಹಾಕಿ ಇನ್ನೊಂದರಲ್ಲಿ ತುಂಬಿಸಿಕೊಂಡರಂತೆ. ಆಗ ಎಲ್ಲರೂ ಕಾಪಿ ಮಾಡುತ್ತಿದ್ದದ್ದು ಹಾಗೆಯೇ. ಫ್ಯಾನು ನಿಲ್ಲಿಸಿ, ಕೋಳಿ ಓಡಿಸಿ, ಕಿಟಕಿ ಮುಚ್ಚಿ ಉಸಿರು ಬಿಗಿಹಿಡಿದು ಕೂರಬೇಕು. ಎರಡು ಹಾಡಿನ ತನಕ ಉಮ್ಮ ಸುಮ್ಮನಿದ್ದರು.

“ಮೂರನೇದಕ್ಕೆ ಶುರುಮಾಡಿದಳು. ಹೊಟ್ಟೆಯಲ್ಲಿ ಇವ,” ಎಂದು ಹಮೀದನ ಕಡೆ ಕೈ ತೋರಿಸಿದರು, “ಹೊಟ್ಟೆ ಮೇಲೆ ಕೈಯಿಟ್ಟು, ಕಣ್ಣು ಮುಚ್ಚಿ. ಕಾಪಿ ಹಾಳಾಗ್ತದಲ್ಲ ಅಂತ ನಾನು ಶ್ಶ್ ಅಂದದ್ದು.” ಅಷ್ಟು ಹೇಳಿ ಅವರು ತಮ್ಮ ಬಾಯಿಯನ್ನು ತಾವೇ ಮುಚ್ಚಿಕೊಂಡರು. ಬೆರಳ ಸಂದಿನಿಂದ ಮಾತು ಬಂತು. “ಯಾ ಅಲ್ಲಾಹ್. ನಾನು ಸುಮ್ಮನಿರಿಸದಿದ್ರೆ ಇನ್ನೂ ಹಾಡ್ತಿದ್ದಳು.”

“ಇನ್ನೊಂದ್ಸಲ ಹಾಕಿ ಮಾಮ” ಎಂದಳು ಶಾಹಿನಾ.

ಹಮೀದ ಹಿಂದಕ್ಕೆ ಸುತ್ತಿ ಮತ್ತೆ ಹಾಕಿದ. ಪಿಯಾನೋ, ಬೊಬ್ಬೆ ಬೀಬಿ, ಎರಡನೆಯ ಚರಣ, ಮೆಷಿನ್. ಉಮ್ಮ. ಈ ಸಲ ನಾವು ಯಾರೂ ತುಟಿಯ ಮೇಲೆ ಬೆರಳಿಡಲಿಲ್ಲ. ಆದರೂ ಟೇಪಿನೊಳಗಿಂದ, ಹರೆಯದ ಚಿಕ್ಕಮ್ಮನ ‘ಶ್ಶ್’ ಬಂದೇಬಂತು, ಉಮ್ಮ ನಿಂತರು. ನಾನು ಗುಂಡಿಗೆ ಕೈ ಚಾಚುವಷ್ಟರಲ್ಲಿ ಚಿಕ್ಕಮ್ಮ ನನ್ನ ಕೈ ಹಿಡಿದುಕೊಂಡರು.

“ತಡಿ. ಅಲ್ಲಿಗೆ ಮುಗಿಯುದಿಲ್ಲ ಅದು. ಬಾಣಂತನ ಇಡೀ ಇದೇ ಹಾಡ್ಕೊಂಡಿದ್ದಳು ಅವಳು. ಮುಂದಿಂದು ನಂಗೆ ಗೊತ್ತುಂಟು.”

ಬೊಬ್ಬೆ ಬೀಬಿ ಗಂಡನನ್ನು ಗದರಿಸುತ್ತಲೇ ಇದ್ದಳು. ಅವಳ ಹಿಂದಿನಿಂದ, ಉಮ್ಮ ನಿಲ್ಲಿಸಿದ ಜಾಗದಿಂದ, ಚಿಕ್ಕಮ್ಮ ಒಡೆದ ಮುದಿಸ್ವರದಲ್ಲಿ ಗುನುಗಲು ತೊಡಗಿದರು. ಅದು ನಾನು ಯಾವತ್ತೂ ಕೇಳಿರದ ಭಾಗ. ನನಗೂ ಬರುತ್ತಿರಲಿಲ್ಲ, ಶಾಹಿನಾಳಿಗೂ ಬರುತ್ತಿರಲಿಲ್ಲ. ಕಲಿಯಬೇಕಲ್ಲ ಎಂದು ನಾವು ಚಿಕ್ಕಮ್ಮನ ಬಾಯಿಯ ಹತ್ತಿರಕ್ಕೆ ಸರಿದು ಕೂತೆವು.